ಸತ್ಯಾಂಶ: ಪೂಲ್ ಫಿಲ್ಟರ್‌ಗೆ ದಿನಾ ಬ್ಯಾಕ್‌ವಾಶ್ ಬೇಕಿಲ್ಲ

ಚಿಕ್ಕಮಗಳೂರಿನ ಹೋಂಸ್ಟೇ ಗ್ರೂಪ್‌ಗಳಲ್ಲಿ ಒಂದು ಮೆಸೇಜ್ ಸುತ್ತುತ್ತಿದೆ: ಈಜುಕೊಳದ ಸ್ಯಾಂಡ್ ಫಿಲ್ಟರ್‌ಗೆ ದಿನಾ ಬ್ಯಾಕ್‌ವಾಶ್ (ನೀರನ್ನು ಹಿಮ್ಮುಖವಾಗಿ ಹರಿಸಿ ಮರಳು ತೊಳೆಯುವುದು) ಮಾಡಿ, ವರ್ಷಕ್ಕೊಮ್ಮೆ ಮರಳು ಬದಲಿಸಿ ಅಂತ. ಎರಡೂ ತಪ್ಪು.

ಮರಳಿನ ಸಂದಿಯಲ್ಲಿ ಸ್ವಲ್ಪ ಕೊಳೆ ಕೂತಾಗಲೇ ಅದು ಸಣ್ಣ ಕಣಗಳನ್ನು ಚೆನ್ನಾಗಿ ಹಿಡಿಯುತ್ತದೆ, ದಿನಾ ತೊಳೆದರೆ ಆ ಲಾಭವೂ ಹೋಯಿತು, ಬೇಸಿಗೆಯಲ್ಲಿ ಬೋರ್‌ವೆಲ್ ನೀರೂ ಸುಮ್ನೆ ಚರಂಡಿ ಪಾಲು. ಪ್ರೆಶರ್ ಗೇಜ್ ನೋಡಿ. ಉದಾಹರಣೆಗೆ, ತೊಳೆದ ಹೊಸದರಲ್ಲಿ 12 ಪಿಎಸ್‌ಐ (ಒತ್ತಡದ ಅಳತೆ) ಇದ್ದದ್ದು 20-22ಕ್ಕೆ ಏರಿದರೆ ಆಗ ಬ್ಯಾಕ್‌ವಾಶ್. ಗಾಜಿನ ಕಿಂಡಿಯಲ್ಲಿ ಕಾಣುವ ಕಂದು ನೀರು ತಿಳಿಯಾಗುವವರೆಗೆ ಸಾಕು, ಆಮೇಲೆ ಅರ್ಧ ನಿಮಿಷ ರಿನ್ಸ್ (ನೀರನ್ನು ಮಾಮೂಲಿ ದಿಕ್ಕಿನಲ್ಲಿ ಹರಿಸಿ ಚರಂಡಿಗೆ ಬಿಡುವುದು). ವಾಲ್ವ್ ಹಿಡಿ ತಿರುಗಿಸುವ ಮುಂಚೆ ಪಂಪ್ ಆಫ್ ಮಾಡಲೇಬೇಕು, ಇಲ್ಲದಿದ್ದರೆ ಒಳಗಿನ ಗ್ಯಾಸ್ಕೆಟ್ (ಸೋರಿಕೆ ತಡೆಯುವ ರಬ್ಬರ್ ಪಟ್ಟಿ) ಹಾಳಾಗುತ್ತದೆ. ಮಳೆಗಾಲದಲ್ಲಿ ಎಲೆ, ಕೆಸರು ಜಾಸ್ತಿ ಬಿದ್ದು ಗೇಜ್ ಬೇಗ ಏರಬಹುದು, ಅದು ಬೇರೆ ಮಾತು.

ಮರಳು ಸಾಮಾನ್ಯವಾಗಿ 5-7 ವರ್ಷ ಬಾಳುತ್ತದೆ. ಬದಲಿಸುವಾಗ ಹೊಳೆ ಮರಳು ಬೇಡ, ಅರ್ಧ ಮಿಲಿಮೀಟರ್ ಆಸುಪಾಸಿನ ಸಿಲಿಕಾ ಮರಳೇ ಹಾಕಿ.