ಯಾರ ಅಜ್ಜಿ?

ಬೆಳಗ್ಗೆ ಕುಕ್ಕರಹಳ್ಳಿ ಕೆರೆಗೆ ವಾಕಿಂಗ್ ಹೊರಟು ಚಪ್ಪಲಿ ಮೆಟ್ಟುತ್ತಿದ್ದೆ. ಫೋನು ಟಿಣ್ ಎಂದಿತು. 'ನಿಮ್ಮ ಅಜ್ಜಿಯ ಕೈರುಚಿಯ ಬೆಲ್ಲ, ಈಗ ಗಾಜಿನ ಬಾಟಲಿಯಲ್ಲಿ! ನೀವು ಮರೆತ ಹಳ್ಳಿಯ ಕಥೆ ಕೇಳಿ.'

ಯಾರ ಅಜ್ಜಿ ಸ್ವಾಮಿ? ನಾನು ಮಂಡ್ಯದ ಕಡೆಯವನು. ಹಳ್ಳಿ ಮರೆಯೋಣವೆಂದರೆ ತಮ್ಮನ ಜೊತೆಗಿನ ಬದುವಿನ ಜಗಳ ಬಿಡುವುದಿಲ್ಲ. ಇನ್ನು ನಮ್ಮಜ್ಜಿ ಬೆಲ್ಲ ಕಾಯಿಸಿದ್ದನ್ನು ನಾನಂತೂ ಕಂಡಿಲ್ಲ. ಬೆಲ್ಲದ ಗಡಿಗೆಗೆ ಕೈ ಹಾಕಿದವರಿಗೆ ಸೌದೆ ಬೀಸುತ್ತಿದ್ದಳು. ಅದೇ ಆಕೆಯ ಕೈರುಚಿ.

ವಿಚಾರಿಸಿದರೆ, ಈ ಕಥೆ ಬರೆದವನು ನಮ್ಮ ಅಕ್ಕನ ಮಗನೇ! ಫೋನ್ ಮಾಡಿ ಬೈದೆ. 'ಮಾವ, ಅದು ನಿಮಗಲ್ಲ, ಪ್ರಿಯಾಗೆ' ಎಂದ. ಪ್ರಿಯಾ ಯಾರೂ ಅಲ್ಲವಂತೆ. ಪರ್ಸೋನಾ ಅಂತೆ. ಕಥೆ ಕಟ್ಟುವ ಮೊದಲು ಈ ಜಾಹೀರಾತಿನವರು ಗಿರಾಕಿಯನ್ನೇ ಕಟ್ಟಿಕೊಳ್ಳುತ್ತಾರೆ. ವಯಸ್ಸು 32, ವೈಟ್‌ಫೀಲ್ಡಲ್ಲಿ ಮನೆ, ಒಂದು ಮಗು, ಊರಿಗೆ ಹೋಗಲು ಪುರುಸೊತ್ತಿಲ್ಲ ಅನ್ನುವ ಕೊರಗು. ಇಲ್ಲದ ಹೆಣ್ಣುಮಗಳ ಸಂಕಟ ಇಷ್ಟು ಬಲ್ಲವನಿಗೆ, ಇರುವ ಮಾವನಿಗೆ ಶುಗರ್ ಇದೆ ಅನ್ನುವುದು ನೆನಪಿಲ್ಲ.

'ಮೈಸೂರು ಸ್ಯಾಂಡಲ್ ಸೋಪಿಗೆ ಹಿಂದೆ ಕರಾಚಿಯಲ್ಲಿ ಒಂಟೆ ಮೆರವಣಿಗೆ ಮಾಡಿಸಿದ್ದರು ಗೊತ್ತಾ? ಆನೆ ಅಲ್ಲ, ಒಂಟೆ. ಅದು ಮಾವ, ಆಡಿಯೆನ್ಸ್ ಅಂದ್ರೆ' ಎಂದು ಪಾಠ ಬೇರೆ.

ನನಗೆ ನೆನಪಾದದ್ದು ಒಂಟೆಯಲ್ಲ, ದೊಡ್ಡಪ್ಪನ ಎತ್ತಿನಗಾಡಿ. ಮಂಡ್ಯದಲ್ಲಿ 1933ರಿಂದಲೇ ಸಕ್ಕರೆ ಕಾರ್ಖಾನೆ ಇದ್ದರೂ ದೊಡ್ಡಪ್ಪ ಆಲೆಮನೆ ಬಿಟ್ಟವನಲ್ಲ. ಒಣಗಿದ ಕಬ್ಬಿನ ಸಿಪ್ಪೆಯನ್ನು ಒಲೆಗೆ ತುಂಬುವುದು ನಮ್ಮ ಕೆಲಸ. ಕೊಪ್ಪರಿಗೆಗೆ ಬೆಂಡೆ ಗಿಡದ ಲೋಳೆ ಬಿದ್ದರೆ ಕೊಳೆಯೆಲ್ಲ ನೊರೆಯಾಗಿ ಮೇಲೆ ಬರುತ್ತಿತ್ತು. ಮನೆಯ ಬೆಲ್ಲಕ್ಕೆ ಅಷ್ಟೇ. ಎಮ್ಮೆ ಬಣ್ಣದ ಬೆಲ್ಲ. ಮಂಡಿಗೆ ಹೋಗುವ ಬೆಲ್ಲಕ್ಕೆ ಮಾತ್ರ ಹೈಡ್ರೋಸ್ ಪುಡಿ ಬೀಳುತ್ತಿತ್ತು. ಬೆಲ್ಲ ಚಿನ್ನದ ಹಾಗೆ ಹೊಳೆಯುತ್ತಿತ್ತು. ಯಾಕೆ ಅಂದರೆ, 'ತಿನ್ನೋನ್ಗೆ ಬ್ಯಾರೆ, ನೋಡೋನ್ಗೆ ಬ್ಯಾರೆ ಕಣ್ಲಾ' ಅನ್ನುತ್ತಿದ್ದ. ಮಂಡಿಯ ಸಾಹುಕಾರ ಅಚ್ಚು ಮುರಿದು ಬಿಸಿಲಿಗೆ ಹಿಡಿಯುತ್ತಿದ್ದನೇ ಹೊರತು ನಾಲಿಗೆಗೆ ಇಟ್ಟವನಲ್ಲ. ಒಂದು ವರ್ಷ ದೊಡ್ಡಪ್ಪನಿಗೆ ಏನು ಮನಸ್ಸಾಯಿತೋ, ಪುಡಿ ಹಾಕದೆ ಒಂದು ಗಾಡಿ ಒಯ್ದ. 'ಎತ್ತಿಗೆ ತಿನ್ನಿಸು ಹೋಗು' ಎಂದನಂತೆ ಸಾಹುಕಾರ. ಗಾಡಿ ರಾತ್ರಿ ಹಾಗೇ ವಾಪಸ್ ಬಂತು. ಆರು ತಿಂಗಳು ನಮ್ಮ ಮನೆಯಲ್ಲಿ ಎಲ್ಲದಕ್ಕೂ ಬೆಲ್ಲ. ಕಾಫಿಗೆ ಬೆಲ್ಲ, ಸಾರಿಗೆ ಬೆಲ್ಲ, ಎತ್ತಿಗೂ ಬೆಲ್ಲ. ಕೊನೆಗೆ ಎತ್ತೇ ಮುಖ ತಿರುಗಿಸಿತು.

ಅದೇ ಎತ್ತಿನ ಬೆಲ್ಲ ಈಗ ಬಾಟಲಿ ಸೇರಿದೆ. ಬೆಲೆ ನೋಡಿದೆ. ಆ ದುಡ್ಡು ಸಿಕ್ಕಿದ್ದರೆ ದೊಡ್ಡಪ್ಪ ಗಾಡಿಯನ್ನೂ ಮಂಡಿಯಲ್ಲೇ ಬಿಟ್ಟು ಬರುತ್ತಿದ್ದ.

ವಾಕಿಂಗ್ ಅಲ್ಲಿಗೆ ಕೆಟ್ಟಿತು. ಗೊಣಗುತ್ತಾ ಒಳಗೆ ಬಂದರೆ ನಮ್ಮ ಮನೆಯವಳ ಮುಂದೆ ಅದೇ ಬಾಟಲಿ, ಎರಡು! ಇವಳಿಗೆ 60 ದಾಟಿದೆ. ವೈಟ್‌ಫೀಲ್ಡ್ ಯಾವ ದಿಕ್ಕಿಗಿದೆ ಅನ್ನುವುದೂ ಗೊತ್ತಿಲ್ಲ.

'ಕಥೆ ಓದಿ ತರಿಸಿದ್ಯಾ?' ಎಂದೆ.

'ಯಾವ ಕಥೆ? ಮುಚ್ಚಳ ಗಟ್ಟಿ ಇದೆ ರೀ. ಮಾವಿನ ಮಿಡಿಗೆ ಆಗುತ್ತೆ.'

ಬೆಲ್ಲವನ್ನು ಸ್ಟೀಲ್ ಡಬ್ಬಿಗೆ ಸುರಿದಳು. ನನ್ನನ್ನೊಮ್ಮೆ ನೋಡಿ, ಸ್ಟೂಲು ಹಾಕಿಕೊಂಡು, ಡಬ್ಬಿಯನ್ನು ಅಟ್ಟದ ಮೇಲೆ ಆದಷ್ಟೂ ಒಳಕ್ಕೆ ತಳ್ಳಿದಳು. ಕೈಯಲ್ಲಿ ಸೌದೆ ಒಂದು ಇರಲಿಲ್ಲ.