ಮಗು ಬೇಕಾದಾಗ ಬನ್ನಿ ಎಂದರು

ಹದಿನಾರನೇ ವಯಸ್ಸಿನಲ್ಲಿ ಐದು ತಿಂಗಳು ಮುಟ್ಟು ನಿಂತಾಗ ಅಮ್ಮ ನನ್ನನ್ನು ವೈದ್ಯರ ಬಳಿಗೆ ಕರೆದುಕೊಂಡು ಹೋದಳು. ಒಂದು ಲೀಟರ್ ನೀರು ಕುಡಿಸಿ, ಮೂತ್ರ ತಡೆದುಕೊಂಡು ಮುಕ್ಕಾಲು ಗಂಟೆ ಬೆಂಚಿನ ಮೇಲೆ ಕೂರಿಸಿ, ಆಮೇಲೆ ಸ್ಕ್ಯಾನಿಂಗ್ ಮಾಡಿದರು. ವರದಿ ಕೈಗೆ ಬಂದ ಮೇಲೆ ವೈದ್ಯರು ನನ್ನ ಮುಖ ನೋಡದೆ ಅಮ್ಮನಿಗೆ ಹೇಳಿದರು: "ಪಿಸಿಓಡಿ ಇದೆ. ಈಗಿನ ಹುಡುಗಿಯರಿಗೆಲ್ಲ ಇದ್ದದ್ದೇ. ತೂಕ ಇಳಿಸಲಿ. ಮದುವೆಯಾಗಿ ಮಗು ಬೇಕಾದಾಗ ಬನ್ನಿ, ನೋಡೋಣ." ಪಿಸಿಓಡಿ ಎಂದರೆ ಪಾಲಿಸಿಸ್ಟಿಕ್ ಓವರಿ ಡಿಸೀಸ್, ಅಂಡಾಶಯದಲ್ಲಿ ಹಲವು ನೀರುಗುಳ್ಳೆಗಳಿರುವ ಕಾಯಿಲೆ ಎಂದು ಆ ಹೆಸರಿನ ಅರ್ಥ.

ಈಗ ನನಗೆ 31. ಈ ಹದಿನೈದು ವರ್ಷಗಳಲ್ಲಿ ಮೂರು ಊರು ಬದಲಾಯಿಸಿದ್ದೇನೆ, ಆರು ವೈದ್ಯರನ್ನು ಕಂಡಿದ್ದೇನೆ. ಐದು ಮಂದಿ ಇದೇ ಮಾತನ್ನು ಹೇಳಿ ಕಳಿಸಿದರು. ನೆನೆದರೆ ಇಂದಿಗೂ ಮೈ ಉರಿಯುತ್ತದೆ. ಮಗು ಬೇಕೆನ್ನುವ ದಿನದವರೆಗೆ ಬೀಗ ಹಾಕಿಡಲು ನನ್ನ ಅಂಡಾಶಯವೇನು ಮನೆಯ ಅಟ್ಟವೇ? ಅಲ್ಲಿಯವರೆಗೆ ಈ ದೇಹದಲ್ಲಿ ಬದುಕಬೇಕಾದವಳು ನಾನಲ್ಲವೇ?

ಒಂಬತ್ತನೇ ತರಗತಿಯಲ್ಲಿಯೇ ನನ್ನ ಕತ್ತಿನ ಹಿಂಭಾಗ ಕಪ್ಪಾಗತೊಡಗಿತ್ತು. ಕೊಳೆ ಎಂದುಕೊಂಡ ಅಮ್ಮ ಪ್ರತಿ ಭಾನುವಾರ ಕಡಲೆಹಿಟ್ಟು ಹಚ್ಚಿ, ನಿಂಬೆ ಹೋಳಿನಿಂದ ಉಜ್ಜುತ್ತಿದ್ದಳು. ಚರ್ಮ ಕಿತ್ತುಬಂದು ಉರಿಯುತ್ತಿತ್ತು, ಕಪ್ಪು ಹೋಗುತ್ತಿರಲಿಲ್ಲ. ಅದು ಕೊಳೆಯೇ ಅಲ್ಲ. ಇನ್ಸುಲಿನ್ ಹೇಳಿದ ಮಾತನ್ನು ದೇಹ ಕೇಳದೇ ಹೋದಾಗ ರಕ್ತದಲ್ಲಿ ಅದರ ಪ್ರಮಾಣ ಏರುತ್ತದೆ, ಕತ್ತು ಕಂಕುಳಗಳ ಚರ್ಮ ದಪ್ಪವಾಗಿ ಕಪ್ಪಾಗುತ್ತದೆ. ಅದೇ ಇನ್ಸುಲಿನ್ ಅಂಡಾಶಯವನ್ನು ಕೆಣಕಿ ಗಂಡು ಹಾರ್ಮೋನನ್ನು ಹೆಚ್ಚಿಸುತ್ತದೆ. ಗಲ್ಲದ ಮೇಲೆ ಕೂದಲು, ನೆತ್ತಿಯ ಕೂದಲು ತೆಳುವಾಗುವುದು, ಮೊಡವೆ, ತಪ್ಪಿದ ಮುಟ್ಟು, ಎಲ್ಲವೂ ಒಂದೇ ಬಳ್ಳಿಯ ಕಾಯಿಗಳು. ನನ್ನ ಜಡೆ ಎತ್ತಿ ಕತ್ತು ನೋಡಿದವರು ಆರನೆಯ ವೈದ್ಯರೊಬ್ಬರೇ. ಗ್ಲೂಕೋಸ್ ಕುಡಿಸಿ, ಎರಡು ಗಂಟೆ ಕಾದು ರಕ್ತ ಪರೀಕ್ಷೆ ಮಾಡಿಸಿದವರೂ ಅವರೇ. ಆಗ ನನಗೆ 29. ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿ ನಿಂತಿದ್ದೆ.

ತಿಂಗಳುಗಟ್ಟಲೆ ಮುಟ್ಟಾಗದಿದ್ದರೆ ಗರ್ಭಕೋಶದ ಒಳಪದರ ದಪ್ಪವಾಗುತ್ತಾ ಹೋಗಿ ಮುಂದೆ ಕ್ಯಾನ್ಸರಿನ ಅಪಾಯ ಹೆಚ್ಚುತ್ತದೆ ಎಂಬುದನ್ನೂ ಅವರಿಂದಲೇ ಮೊದಲ ಬಾರಿ ಕೇಳಿದೆ. ಮದುವೆಯವರೆಗೆ ಕಾಯಿರಿ ಎಂದ ಐವರಿಗೆ ಇದು ಗೊತ್ತಿರಲಿಲ್ಲವೇ?

ತೂಕ ಇಳಿಸಬೇಕಂತೆ. ಮೂರು ತಿಂಗಳು ರಾತ್ರಿ ಅನ್ನ ಬಿಟ್ಟು, ಬೆಳಿಗ್ಗೆ ಐದಕ್ಕೆ ಎದ್ದು ನಡೆದು, ಎರಡು ಕಿಲೋ ಇಳಿಸಿದಾಗ "ಇಷ್ಟೇನಾ?" ಎಂದರು. ಇನ್ಸುಲಿನ್ ಏರಿರುವ ದೇಹ ಕೊಬ್ಬನ್ನು ಅಷ್ಟು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ನನ್ನ ಸಹೋದ್ಯೋಗಿಯೊಬ್ಬಳ ತೂಕ 46 ಕಿಲೋ, ಅವಳಿಗೂ ಇದೇ ತೊಂದರೆ. ತೆಳ್ಳಗಿರುವವರಿಗೆ ಇದು ಬರುವುದಿಲ್ಲ ಎಂದು ಅವಳನ್ನು ಎರಡು ವರ್ಷ ಸುಮ್ಮನೆ ಅಲೆಸಿದರು.

ನನ್ನ ಮಾತ್ರೆಗಳ ಡಬ್ಬಿಯಲ್ಲಿ ನನ್ನ ಕಾಯಿಲೆಗೆಂದು ಹುಟ್ಟಿದ ಒಂದೇ ಒಂದು ಮಾತ್ರೆ ಇಲ್ಲ. ಮೆಟ್‌ಫಾರ್ಮಿನ್ ಸಕ್ಕರೆ ಕಾಯಿಲೆಯವರದು. ಗಲ್ಲದ ಕೂದಲಿಗೆ ಕೊಟ್ಟಿರುವ ಸ್ಪೈರೊನೊಲ್ಯಾಕ್ಟೋನ್ ರಕ್ತದೊತ್ತಡದವರದು. ಮುಟ್ಟು ತರಿಸಲು ಗರ್ಭನಿರೋಧಕ ಮಾತ್ರೆ. ಅದನ್ನು ಕೇಳಿದಾಗಲೆಲ್ಲ ಔಷಧ ಅಂಗಡಿಯವನು ನನ್ನ ಕೊರಳಿನಲ್ಲಿ ತಾಳಿ ಇದೆಯೇ ಎಂದು ನೋಡುತ್ತಾನೆ. ಮೆಟ್‌ಫಾರ್ಮಿನ್ ಆರಂಭಿಸಿದ ಮೊದಲ ತಿಂಗಳು ಬೆಳಗಿನ ಬಸ್ಸಿನಲ್ಲಿ ಹೊಟ್ಟೆ ಹಿಂಡಿದಂತಾಗಿ, ಹೆಸರೂ ತಿಳಿಯದ ಹಳ್ಳಿಯಲ್ಲಿ ಇಳಿದು, ಪರಿಚಯವಿಲ್ಲದವರ ಮನೆಯ ಬಾಗಿಲು ತಟ್ಟಿದ್ದೇನೆ. ಆ ಮನೆಯ ಅಜ್ಜಿ ಒಂದು ಪ್ರಶ್ನೆಯನ್ನೂ ಕೇಳದೆ ಬಚ್ಚಲು ತೋರಿಸಿ, ಹೊರಡುವಾಗ ಮಜ್ಜಿಗೆ ಕೊಟ್ಟರು.

ಹೊಸ ಕಾಯಿಲೆ, ಇನ್ನೂ ಔಷಧ ಬಂದಿಲ್ಲ ಎಂದಿದ್ದರೆ ತಾಳಿಕೊಳ್ಳುತ್ತಿದ್ದೆ. ಶಿಕಾಗೋದ ಸ್ಟೈನ್ ಮತ್ತು ಲೆವೆಂಥಾಲ್ ಎಂಬ ವೈದ್ಯರು ಏಳು ಮಹಿಳೆಯರಲ್ಲಿ ಇದನ್ನು ಕಂಡು ಬರೆದದ್ದು 1935ರಲ್ಲಿ. ಇದು ಅಪರೂಪದ್ದೂ ಅಲ್ಲ. ಹೆರುವ ವಯಸ್ಸಿನ ಮಹಿಳೆಯರಲ್ಲಿ ನೂರಕ್ಕೆ 6ರಿಂದ 13 ಮಂದಿಗೆ ಇದು ಇದೆ, ಇರುವವರಲ್ಲಿ ನೂರಕ್ಕೆ 70ರವರೆಗೆ ಮಂದಿಗೆ ತಮಗೆ ಇದೆ ಎಂಬುದೇ ತಿಳಿದಿರಲಿಕ್ಕಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಹೆಸರು ಕೂಡ ತಪ್ಪು. ಸ್ಕ್ಯಾನಿಂಗಿನಲ್ಲಿ ಮುತ್ತಿನ ಸರದಂತೆ ಕಾಣುವುದು ನೀರುಗುಳ್ಳೆಗಳಲ್ಲ, ಬಲಿಯದೆ ನಿಂತುಹೋದ ಅಂಡದ ಚೀಲಗಳು. ಈ ಹೆಸರು ದಾರಿ ತಪ್ಪಿಸುತ್ತದೆ ಎಂದು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಕರೆಸಿದ್ದ ತಜ್ಞರ ಸಮಿತಿ 2012ರಲ್ಲಿಯೇ ಹೇಳಿತು. ನನ್ನ ಸೋದರತ್ತೆ ಇಂದಿಗೂ "ಆ ಗುಳ್ಳೆಗಳನ್ನು ತೆಗೆಸಿಬಿಡೇ, ಸರಿಹೋಗುತ್ತದೆ" ಎನ್ನುತ್ತಾರೆ. ಅವರನ್ನು ಹೇಗೆ ದೂರಲಿ?

ಅದೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 1977ರಲ್ಲಿ, ಗರ್ಭ ಧರಿಸಬಲ್ಲ ಮಹಿಳೆಯರನ್ನು ಔಷಧಗಳ ಆರಂಭದ ಪ್ರಯೋಗಗಳಿಂದ ಹೊರಗಿಡಬೇಕೆಂದು ಸೂಚಿಸಿತು. ಅದನ್ನು ಹಿಂದಕ್ಕೆ ಪಡೆದದ್ದು 1993ರಲ್ಲಿ. ಬಸಿರಾಗಬಹುದು ಎಂದು ಪ್ರಯೋಗದಿಂದ ಹೊರಗಿಟ್ಟರು, ಬಸಿರು ಸದ್ಯಕ್ಕೆ ಬೇಡ ಎಂದರೆ ಚಿಕಿತ್ಸೆಯಿಂದಲೂ ಹೊರಗಿಡುತ್ತಾರೆ. ಯಾವ ಬಾಗಿಲಿಗೆ ಹೋದರೂ ಅಲ್ಲಿ ಗರ್ಭವನ್ನೇ ವಿಚಾರಿಸುತ್ತಾರೆ, ನನ್ನನ್ನು ಯಾರೂ ವಿಚಾರಿಸುವುದಿಲ್ಲ.

ಇಷ್ಟೆಲ್ಲ ಇವತ್ತು ಬರೆಯಲು ಕಾರಣವಿದೆ. ಅಕ್ಕನ ಮಗಳಿಗೆ ಈಗ 13 ವರ್ಷ. ಹೋದ ಭಾನುವಾರ ಅಕ್ಕನ ಮನೆಗೆ ಹೋಗಿದ್ದಾಗ, ತಲೆ ಬಾಚುವಾಗ ಅವಳ ಕತ್ತಿನಲ್ಲಿ ಅದೇ ಕಪ್ಪು ಕಂಡೆ. ಅಕ್ಕ ಬಚ್ಚಲಿನಲ್ಲಿ ಕಡಲೆಹಿಟ್ಟು ಕಲಸಿಟ್ಟಿದ್ದಳು. ನನಗೆ ಕೈ ನಡುಗಿತು, ಬಟ್ಟಲನ್ನು ಕಿತ್ತುಕೊಂಡು ಚೆಲ್ಲಿಬಿಟ್ಟೆ. "ಇಷ್ಟಕ್ಕೆಲ್ಲ ಯಾಕೆ ಕೂಗಾಡುತ್ತೀಯ, ದೊಡ್ಡವಳಾದ ಮೇಲೆ ತಾನೇ ಹೋಗುತ್ತದೆ" ಎಂದು ಅಕ್ಕ ಸಿಟ್ಟಾದಳು. ಅವಳೊಂದಿಗೆ ಜಗಳವಾಡಿ, ಸೋಮವಾರ ರಜೆ ಹಾಕಿ, ಹುಡುಗಿಯನ್ನು ಆ ಆರನೆಯ ವೈದ್ಯರ ಬಳಿಗೆ ನಾನೇ ಕರೆದುಕೊಂಡು ಹೋದೆ. ಅವರು ಅವಳನ್ನೇ ಎದುರು ಕೂರಿಸಿಕೊಂಡು ಮಾತನಾಡಿಸಿದರು. ಗುರುವಾರ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ರಕ್ತ ಪರೀಕ್ಷೆ ಇದೆ.