ಬಣ್ಣ ನೋಡಿ ಮ್ಯಾಂಟಿಸ್ ಪ್ರಭೇದ ಹೇಳಲಾಗದು

ನಿಮ್ಮ ಕೀಟ ಸಮೀಕ್ಷೆಯಲ್ಲಿ ಹಸಿರು ಮತ್ತು ಕಂದು ಮ್ಯಾಂಟಿಸ್‌ಗಳನ್ನು (ಮುಂಗಾಲು ಮಡಚಿ ಬೇಟೆಗೆ ಕಾಯುವ ಕೀಟ) ಬಣ್ಣದ ಮೇಲೆಯೇ ಎರಡು ಪ್ರಭೇದ ಎಂದಿದ್ದೀರಿ. ಒಂದೇ ಪ್ರಭೇದದಲ್ಲೂ ಎರಡು ಬಣ್ಣ ಇರುತ್ತವೆ, ಅದು ಸಾಕ್ಷಿಯಾಗದು. ಗಟ್ಟಿ ಆಧಾರವೆಂದರೆ ಗಂಡಿನ ಜನನಾಂಗ. ಮೊದಲು ಡಿಎನ್‌ಎಗಾಗಿ ಒಂದು ಕಾಲನ್ನು ಶೇ. 95ರ ಎಥನಾಲ್‌ನಲ್ಲಿ ಎತ್ತಿಡಿ. ಆಮೇಲೆ ಹೊಟ್ಟೆಯ ತುದಿ ಕತ್ತರಿಸಿ, ಶೇ. 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಸ್ನಾಯು ಕರಗುವವರೆಗೆ ಇಟ್ಟು, ತೊಳೆದು, ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಹೊತ್ತು ಮೀರಿದರೆ ತೆಳು ಪೊರೆಗಳೂ ಹಾಳು.

ಇನ್ನು ನೀವು ನೆಚ್ಚಿದ ದೀಪದ ಬಲೆ (ರಾತ್ರಿ ಬೆಳಕಿಗೆ ಬರುವ ಕೀಟ ಹಿಡಿಯುವ ಸಾಧನ): ಅದಕ್ಕೆ ಬರುವವು ಬಹುಪಾಲು ಗಂಡುಗಳೇ, ಏಕೆಂದರೆ ಅನೇಕ ಪ್ರಭೇದಗಳ ಹೆಣ್ಣು ಹಾರಲಾರದು. ಪೊದೆ, ತೊಗಟೆ, ಹುಲ್ಲಿನಲ್ಲೂ ಹುಡುಕದೆ ವೈವಿಧ್ಯದ ಲೆಕ್ಕ ಕೊಡುವುದು ಸರಿಯಲ್ಲ. ಮರಿ ಸಿಕ್ಕರೆ, ಅದರ ಜನನಾಂಗ ಇನ್ನೂ ಬೆಳೆದಿರದ ಕಾರಣ, ಪ್ರೌಢವಾಗುವವರೆಗೆ ಸಾಕಿಯೇ ಹೆಸರಿಸಿ. ಒಂದೊಂದಕ್ಕೂ ಬೇರೆ ಡಬ್ಬಿ ಬೇಕು, ಒಟ್ಟಿಗಿಟ್ಟರೆ ಒಂದನ್ನೊಂದು ತಿನ್ನುತ್ತವೆ.